ಬಿಲ್ಲಿಂಗ್ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್: ಬರುವ ದಾರಿ, ಬ್ಯಾಕಪ್ ಕೈಕೊಡುವ ಕಾರಣ

ರ‍್ಯಾನ್ಸಮ್‌ವೇರ್ ಎಂದರೆ ಫೈಲ್‌ಗಳನ್ನು ಲಾಕ್ ಮಾಡಿ, ಬಿಡಿಸಲು ಹಣ ಕೇಳುವ ದುಷ್ಟ ತಂತ್ರಾಂಶ. ಹತ್ತು ಕಂಪ್ಯೂಟರ್ ಇರುವ ಒಂದು ವರ್ಕ್‌ಶಾಪ್ ಅಂದುಕೊಳ್ಳಿ. ಟ್ಯಾಲಿ ಡೇಟಾ ಒಂದೇ ವಿಂಡೋಸ್ ಯಂತ್ರದಲ್ಲಿದೆ. ಅಕೌಂಟೆಂಟ್ ಮನೆಯಿಂದ ಕೆಲಸ ಮಾಡಲೆಂದು ರೂಟರಿನಲ್ಲಿ ಪೋರ್ಟ್ 3389 (ಹೊರಗಿನ ಸಂಪರ್ಕ ಒಳಬರುವ ಬಾಗಿಲು) ತೆರೆದು, ಯಂತ್ರವನ್ನು ದೂರದಿಂದಲೇ ಬಳಸುವ ರಿಮೋಟ್ ಡೆಸ್ಕ್‌ಟಾಪ್ ಕೊಟ್ಟಿದ್ದಾರೆ. ‘ನಮ್ಮಂಥ ಚಿಕ್ಕವರನ್ನು ಯಾರು ಹುಡುಕುತ್ತಾರೆ’ ಎಂಬ ಲೆಕ್ಕ ಇಲ್ಲೇ ತಪ್ಪುತ್ತದೆ. ಯಾರೂ ಹುಡುಕಬೇಕಿಲ್ಲ, ಇಂಟರ್ನೆಟ್ಟಿನ ಐಪಿ ವಿಳಾಸಗಳನ್ನೆಲ್ಲ ಸ್ಕ್ಯಾನರ್ ತಂತ್ರಾಂಶಗಳು ಹಗಲೂ ರಾತ್ರಿ ತಡಕುತ್ತಿರುತ್ತವೆ. ತೆರೆದ ಪೋರ್ಟ್ ಸಿಕ್ಕರೆ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಪ್ರಯತ್ನ ಶುರು. ಪೋರ್ಟ್ ಸಂಖ್ಯೆ ಬದಲಿಸಿದರೂ ದೊಡ್ಡ ಪ್ರಯೋಜನವಿಲ್ಲ, ಸ್ಕ್ಯಾನರ್ ಅದನ್ನೂ ಕಂಡುಹಿಡಿಯುತ್ತದೆ.

ಸರಿಪಡಿಸುವುದು ಹೀಗೆ: ರೂಟರಿನ ಪೋರ್ಟ್ ಫಾರ್ವರ್ಡಿಂಗ್ (ತೆರೆದಿಟ್ಟ ಆ ದಾರಿ) ಮುಚ್ಚಿ, ಹೊರಗಿನವರು ವಿಪಿಎನ್ (ಸುರಕ್ಷಿತ ಖಾಸಗಿ ಸಂಪರ್ಕ) ಮೂಲಕವೇ ಬರಲಿ, ಅದಕ್ಕೂ ಎರಡನೇ ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಒಟಿಪಿಯಂಥದ್ದು) ಇರಲಿ. ದಿನದ ಕೆಲಸಕ್ಕೆ ಅಡ್ಮಿನ್ ಖಾತೆ ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸಾಕು: ಮೈಕ್ರೋಸಾಫ್ಟ್ 2017ರ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು, ದಾಳಿ ಬಂದದ್ದು ಮೇನಲ್ಲಿ.

ಈಗ ಬ್ಯಾಕಪ್. ಹೆಚ್ಚಿನವರು ಎಡವುವುದು ಇಲ್ಲೇ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಸದಾ ಸಿಕ್ಕಿಸಿಯೇ ಇಟ್ಟಿದ್ದರೆ ಅದು ಕಂಪ್ಯೂಟರಿಗೆ ಇನ್ನೊಂದು ಡ್ರೈವ್ ಅಷ್ಟೇ. ರ‍್ಯಾನ್ಸಮ್‌ವೇರ್ ಅದನ್ನೂ ಲಾಕ್ ಮಾಡುತ್ತದೆ, ವಿಂಡೋಸ್‌ನ ಶ್ಯಾಡೋ ಕಾಪಿಗಳನ್ನೂ (ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು) ಅಳಿಸುತ್ತದೆ. ಗೂಗಲ್ ಡ್ರೈವ್‌ಗೆ ತಾನಾಗಿ ಸಿಂಕ್ ಆಗುವ ಫೋಲ್ಡರ್ ಇದ್ದರೆ ಲಾಕ್ ಆದ ಫೈಲೇ ಮೇಲೆ ಹೋಗುತ್ತದೆ. ಹಳೆಯ ಆವೃತ್ತಿ ಉಳಿದಿದ್ದರೆ ಅದೃಷ್ಟ. ಹಾಗಾಗಿ 3-2-1: ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಕಚೇರಿಯ ಹೊರಗೆ. ಎರಡು ಡಿಸ್ಕ್ ಇಟ್ಟು ದಿನ ಬಿಟ್ಟು ದಿನ ಬದಲಿಸಿ, ಬ್ಯಾಕಪ್ ಮುಗಿದೊಡನೆ ಕೇಬಲ್ ಕಿತ್ತಿಡಿ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ರಿಸ್ಟೋರ್ ಮಾಡಿ ಕಳೆದ ವಾರದ ಬಿಲ್ ತೆರೆಯುತ್ತದೆಯೇ ನೋಡಿ. ‘ಬ್ಯಾಕಪ್ ಯಶಸ್ವಿ’ ಎಂಬ ಸಂದೇಶವನ್ನು ನಂಬುವುದಕ್ಕಿಂತ ಇದು ಮೇಲು.

ದಾಳಿ ಆಗಿಯೇ ಬಿಟ್ಟರೆ ಮೊದಲು ನೆಟ್‌ವರ್ಕ್ ಕೇಬಲ್, ವೈಫೈ ಕಡಿಯಿರಿ. ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ. ಒಳಗೆ ಹೇಗೆ ಬಂದರೆಂಬ ಸುಳಿವೂ ಅಳಿದು, ಅದೇ ಬಾಗಿಲು ತೆರೆದೇ ಉಳಿಯುತ್ತದೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಕಂಪ್ಯೂಟರ್ ಚಟುವಟಿಕೆಯ ದಾಖಲೆ) 180 ದಿನ ಇಟ್ಟುಕೊಂಡಿರಬೇಕು. ಸಣ್ಣ ಉದ್ಯಮಗಳಿಗೆ ಸಿಕ್ಕಿದ್ದು ಅದೇ ವರ್ಷ ಸೆಪ್ಟೆಂಬರ್ 25ರವರೆಗಿನ ಕಾಲಾವಕಾಶ ಮಾತ್ರ.

ಹಣವೇ ಹೋಗಿದ್ದರೆ, ಉದಾಹರಣೆಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂದು ಸಪ್ಲೈಯರ್ ಹೆಸರಲ್ಲಿ ಬಂದ ಇಮೇಲ್ ನಂಬಿ ಕಟ್ಟಿದ್ದರೆ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲೇ ತಡೆಹಿಡಿಯಬೇಕು. ಖಾತೆ ಬದಲಾವಣೆಯ ಇಮೇಲ್ ಬಂದರೆ ಅದರಲ್ಲಿರುವ ನಂಬರಿಗಲ್ಲ, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ.