ಹದಿನೈದರ ನಿದ್ದೆ, ಮೂವತ್ತೈದರ ನಿದ್ದೆ

ಹಗಲಿನಲ್ಲಿ ತಡೆಯಲಾಗದ ನಿದ್ದೆ ಎರಗುವ ರೋಗ ನಾರ್ಕೊಲೆಪ್ಸಿ. ಅದರ ಹೆಸರೆತ್ತಿದೊಡನೆ ಕುಂಭಕರ್ಣನನ್ನು ನೆನೆಯುವವರೇ ಹೆಚ್ಚು. ಆ ಹೋಲಿಕೆಯೇ ತಪ್ಪು. ಕುಂಭಕರ್ಣನಿಗೆ ಗಾಢನಿದ್ದೆ ಒಲಿದಿತ್ತು. ಈ ರೋಗಿಗೆ ಹಗಲಿನ ಎಚ್ಚರವೂ ನಿಲ್ಲದು, ಇರುಳಿನ ನಿದ್ದೆಯೂ ನಿಲ್ಲದು. 1880ರಲ್ಲಿ ರೋಗಕ್ಕೆ ಹೆಸರಿಟ್ಟ ಫ್ರೆಂಚ್ ವೈದ್ಯ ಗೆಲಿನೋ ವರ್ಣಿಸಿದ್ದು ದ್ರಾಕ್ಷಾರಸದ ಪೀಪಾಯಿ ಮಾರುವ 38 ವರ್ಷದ ವ್ಯಾಪಾರಿಯನ್ನು. ದೊಡ್ಡವರ ಕಾಯಿಲೆಯೆಂಬ ಕಲ್ಪನೆಗೆ ಬಹುಶಃ ಅಲ್ಲಿಂದಲೇ ಬೇರು. ಆದರೆ 2001ರಲ್ಲಿ ಫ್ರಾನ್ಸ್ ಮತ್ತು ಕೆನಡಾದ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದಾಗ, ರೋಗ ಆರಂಭವಾಗುವ ವಯಸ್ಸಿನಲ್ಲಿ ಎರಡು ಶಿಖರಗಳು ಕಂಡವು: 15ರ ಸುಮಾರಿಗೆ ಎತ್ತರದ್ದು, 35ರ ಸುಮಾರಿಗೆ ತಗ್ಗಿನದು.

ಮಿದುಳಿನ ಹೈಪೊಥಲಾಮಸ್‌ನಲ್ಲಿ ಓರೆಕ್ಸಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಸುಮಾರು 70 ಸಾವಿರ ನರಕೋಶಗಳಿವೆ. 1998ರಲ್ಲಿ ಓರೆಕ್ಸಿನ್ ಪತ್ತೆಯಾಯಿತು. ಎರಡೇ ವರ್ಷಗಳಲ್ಲಿ, ಈ ರೋಗಿಗಳಲ್ಲಿ ಆ ಕೋಶಗಳ ಬಹುಪಾಲು ಅಳಿದಿರುವುದು ತಿಳಿಯಿತು. ಎಚ್ಚರವನ್ನು ಬಾಗಿಲೆಂದುಕೊಂಡರೆ ಓರೆಕ್ಸಿನ್ ಅದರ ಅಗಳಿ. ಅಗಳಿ ಕಳಚಿದರೆ ಸಣ್ಣ ಗಾಳಿಗೂ ಕದ ಬಡಿದುಕೊಳ್ಳುತ್ತದೆ. ತಕ್ಕಡಿ ಎಂದುಕೊಂಡರೆ, ಒಂದು ತಟ್ಟೆಯನ್ನು ಒತ್ತಿ ಹಿಡಿದಿದ್ದ ಬೆರಳು ಅದು; ಬೆರಳು ತೆಗೆದ ಮೇಲೆ ನೊಣ ಕುಳಿತರೂ ಮುಳ್ಳು ಹೊಯ್ದಾಡುತ್ತದೆ. ಕನಸಿನ ನಿದ್ದೆಗೆ ಮೀಸಲಾದ ಸ್ನಾಯುಗಳ ಸಡಿಲಿಕೆ ಎಚ್ಚರದೊಳಕ್ಕೆ ನುಗ್ಗುವುದೇ ಕ್ಯಾಟಪ್ಲೆಕ್ಸಿ: ನಕ್ಕೊಡನೆ ಮಂಡಿ ಕುಸಿಯುತ್ತದೆ, ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ.

ಅಗಳಿ ಒಂದೇ ಆದರೂ ಅದು ಕಳಚಿದ ವಯಸ್ಸಿಗೆ ತಕ್ಕಂತೆ ರೋಗದ ಮುಖ ಬದಲಾಗುತ್ತದೆ. ಎಳೆಯ ಮಕ್ಕಳಲ್ಲಿ ನಗುವಿನ ನೆಪವೂ ಇಲ್ಲದೆ ರೆಪ್ಪೆ ಜೋಲಿ, ಬಾಯಿ ತೆರೆದು, ನಾಲಿಗೆ ಹೊರಚಾಚಬಹುದು. ತೂಕ ತಟ್ಟನೆ ಏರಬಹುದು, ಕೆಲವರು ಬೇಗ ಮೈನೆರೆಯುತ್ತಾರೆ. ಎಲ್ಲಕ್ಕಿಂತ ಸೋಜಿಗವೆಂದರೆ, ನಿದ್ದೆಗೆಟ್ಟ ಮಗು ತೂಕಡಿಸುವ ಬದಲು ಸಿಡುಕುತ್ತದೆ, ನಿಂತಲ್ಲಿ ನಿಲ್ಲದೆ ಓಡಾಡುತ್ತದೆ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುವವರ ಬಗ್ಗೆ ನನಗೆ ಸಿಟ್ಟಿದೆ. ಸೋಮಾರಿಯೆಂದು ಬೆಂಚಿನ ಮೇಲೆ ನಿಲ್ಲಿಸುವವರೂ ಅವರಿಗಿಂತ ಹೆಚ್ಚು ವೈಜ್ಞಾನಿಕರೇನಲ್ಲ. ಕುಟುಂಬದಲ್ಲಿ ಈ ರೋಗವಿದ್ದವರಿಗೆ ಅದು ಬೇಗ ಬರುವುದು ಹೆಚ್ಚು. ಬೇಗ ಬಂದಷ್ಟೂ ಸಾಮಾನ್ಯವಾಗಿ ತೀವ್ರ.

ತಡವಾಗಿ ಬಂದದ್ದು ಸೌಮ್ಯ, ಆದ್ದರಿಂದಲೇ ಕಣ್ತಪ್ಪಿಸುತ್ತದೆ. ವಯಸ್ಸಾದವರು ಕುಸಿದರೆ ಮೊದಲು ಅನುಮಾನ ಬರುವುದು ಪಾರ್ಶ್ವವಾಯುವಿನ ಮೇಲೆ. ಪ್ರಯೋಗಾಲಯದ ಪರೀಕ್ಷೆಯೂ ಇಲ್ಲಿ ಪೂರ್ತಿ ನೆರವಾಗದು. ಹಗಲಿನಲ್ಲಿ ಎರಡೆರಡು ಗಂಟೆಗೊಮ್ಮೆ ಮಲಗಿಸಿ, ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತುತ್ತದೆಯೇ, ಕನಿಷ್ಠ ಎರಡು ಬಾರಿ ನೇರ ಕನಸಿನ ನಿದ್ದೆಗೆ ಜಾರುತ್ತಾರೆಯೇ ಎಂದು ಅಳೆಯುತ್ತಾರೆ. ವಯಸ್ಸು ಏರಿದಂತೆ ಆ ನಿಮಿಷಗಳು ಹಿಗ್ಗುತ್ತವೆ, ನೇರ ಜಾರುವಿಕೆ ಕಡಿಮೆಯಾಗುತ್ತದೆ. ಅಳತೆಗೋಲು ಮಾತ್ರ ಹದಿನೈದಕ್ಕೂ ಅರವತ್ತಕ್ಕೂ ಒಂದೇ.