ರೊಚ್ಚಿಗೆದ್ದ ಗುಂಪಿನ ಎದುರು ಕ್ಯಾಮೆರಾ ಹೇಗೆ ಉಳಿಯಿತು?

ಓದುಗರ ಪ್ರಶ್ನೆ: ಅಮೆರಿಕದ ಲಿಟಲ್ ರಾಕ್‌ನಲ್ಲಿ ಶಾಲೆಗೆ ಬಂದ ಕಪ್ಪು ಹುಡುಗಿಯೊಬ್ಬಳನ್ನು ಬಿಳಿಯರ ಗುಂಪು ಬೈಯುತ್ತಾ ಹಿಂಬಾಲಿಸುವ ಫೋಟೋವನ್ನು ಹಲವು ಕಡೆ ನೋಡಿದ್ದೇನೆ. ಅಷ್ಟು ಸಿಟ್ಟಿನಲ್ಲಿದ್ದ ಜನ ಫೋಟೋ ತೆಗೆಯುತ್ತಿದ್ದವನನ್ನು ಸುಮ್ಮನೆ ಬಿಟ್ಟದ್ದೇಕೆ?

ಉತ್ತರ: ಎಲ್ಲರನ್ನೂ ಬಿಡಲಿಲ್ಲ. ಯಾರನ್ನು ಬಿಟ್ಟರು, ಯಾರನ್ನು ಹೊಡೆದರು ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಬಹುಪಾಲು ಉತ್ತರ ಸಿಗುತ್ತದೆ.

ನೀವು ನೋಡಿದ ಫೋಟೋ 1957ರ ಸೆಪ್ಟೆಂಬರ್ 4ರದ್ದು. ಬಿಳಿಯರಿಗೂ ಕಪ್ಪು ಜನರಿಗೂ ಪ್ರತ್ಯೇಕ ಶಾಲೆಗಳಿರುವುದು ಸಂವಿಧಾನಬಾಹಿರವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲೇ ತೀರ್ಪು ಕೊಟ್ಟಿತ್ತು. ಆದರೂ ಸೆಂಟ್ರಲ್ ಹೈಸ್ಕೂಲಿಗೆ ಸೇರಬೇಕಿದ್ದ ಒಂಬತ್ತು ಮಕ್ಕಳನ್ನು ತಡೆಯಲು ಆರ್ಕನ್ಸಾ ರಾಜ್ಯದ ಗವರ್ನರ್ ಆರ್ವಲ್ ಫಾಬಸ್ ನ್ಯಾಷನಲ್ ಗಾರ್ಡ್ ಪಡೆಯನ್ನು ಬಾಗಿಲಲ್ಲಿ ನಿಲ್ಲಿಸಿದರು. ಎಲ್ಲರೂ ಒಟ್ಟಾಗಿ ಹೋಗುವುದೆಂದು ಹಿಂದಿನ ರಾತ್ರಿ ತೀರ್ಮಾನವಾಗಿತ್ತು. ಹದಿನೈದು ವರ್ಷದ ಎಲಿಜಬೆತ್ ಎಕ್‌ಫರ್ಡ್‌ಳ ಮನೆಯಲ್ಲಿ ಫೋನ್ ಇರಲಿಲ್ಲವಾದ್ದರಿಂದ ಆ ಸುದ್ದಿ ಅವಳಿಗೆ ತಲುಪದೆ, ಹೊಸ ಉಡುಪು ತೊಟ್ಟು ಪುಸ್ತಕ ಎದೆಗವಚಿಕೊಂಡು ಅವಳೊಬ್ಬಳೇ ಬಂದಳು. ಗಾರ್ಡ್‌ಗಳು ಒಳಗೆ ಬಿಡದಿದ್ದಾಗ ಗುಂಪಿನ ನಡುವೆಯೇ ಬಸ್ ನಿಲ್ದಾಣದ ಕಡೆ ನಡೆದಳು.

ಅವಳ ಮುಂದೆ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ ಚಿತ್ರ ತೆಗೆದವರು ಸ್ಥಳೀಯ ಪತ್ರಿಕೆ 'ಆರ್ಕನ್ಸಾ ಡೆಮಾಕ್ರಾಟ್'ನ ವಿಲ್ ಕೌಂಟ್ಸ್. ಅವರೂ ಅದೇ ಶಾಲೆಯಲ್ಲಿ ಓದಿದವರು, ಬಿಳಿಯರು. ಅಂದು ಕೋಟು-ಟೈ ಬಿಟ್ಟು ಚೌಕುಳಿ ಶರಟು ಹಾಕಿಕೊಂಡು ಬಂದಿದ್ದರಿಂದ ಗುಂಪಿನ ಕಣ್ಣಿಗೆ ಊರಿನ ಹುಡುಗನಂತೆಯೇ ಕಂಡರು. ಕೈಯಲ್ಲಿದ್ದದ್ದು 35 ಎಂಎಂ ನಿಕಾನ್. ಆಗಿನ ಹೆಚ್ಚಿನ ಪತ್ರಿಕಾ ಛಾಯಾಗ್ರಾಹಕರು ಹೊರುತ್ತಿದ್ದ ದೊಡ್ಡ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದಲ್ಲಿ ಒಂದೊಂದು ಚಿತ್ರಕ್ಕೂ ಫಿಲ್ಮ್ ಹಾಳೆಯ ಹೋಲ್ಡರನ್ನು ತಿರುಗಿಸಬೇಕು, ಇಲ್ಲವೇ ಬದಲಿಸಬೇಕು. ಅಷ್ಟರಲ್ಲಿ ನಡೆಯುವವರು ಮುಂದೆ ಹೋಗಿಬಿಡುತ್ತಾರೆ. ಕೌಂಟ್ಸ್ ರೋಲಿನಲ್ಲಿ 36 ಚಿತ್ರಗಳಿಗೆ ಜಾಗವಿತ್ತು, ಕ್ಯಾಮೆರಾ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಹಿಂದಿನ ಸಾಲಿನಲ್ಲಿ ಬಾಯಿ ತೆರೆದು ಕಿರಿಚುತ್ತಿರುವ ಹೇಝಲ್ ಬ್ರಯನ್‌ಳ ಮುಖ ಅಷ್ಟು ಸ್ಪಷ್ಟವಾಗಿ ಸಿಕ್ಕಿದ್ದು ಹೀಗೆ. (ಆ ಒಂದು ಮುಖದ ಮೇಲೇ ನಮ್ಮ ಕಣ್ಣು ನಿಂತು, ಅವಳ ಅಕ್ಕಪಕ್ಕ ನಡೆಯುತ್ತಿರುವ ದೊಡ್ಡವರು ಪಾರಾಗಿಬಿಡುತ್ತಾರೆಂಬುದು ನನ್ನ ತಕರಾರು.)

ಸೆಪ್ಟೆಂಬರ್ 23ರಂದು ಮಕ್ಕಳು ಮತ್ತೆ ಬಂದಾಗ ನಾಲ್ವರು ಕಪ್ಪು ಪತ್ರಕರ್ತರು ಶಾಲೆಯತ್ತ ನಡೆದುಬಂದರು. ಗುಂಪು ಅವರ ಮೇಲೆರಗಿತು; ಆ ಹೊತ್ತಿನಲ್ಲೇ ಮಕ್ಕಳು ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ಕಪ್ಪು ಜನರ ಪತ್ರಿಕೆ 'ಆರ್ಕನ್ಸಾ ಸ್ಟೇಟ್ ಪ್ರೆಸ್'ನ ಛಾಯಾಗ್ರಾಹಕ ಅರ್ಲ್ ಡೇವಿ ಅವರಿಗೆ ಹೊಡೆದು, ಕ್ಯಾಮೆರಾವನ್ನು ನೆಲಕ್ಕೆ ಅಪ್ಪಳಿಸಿ ಪುಡಿ ಮಾಡಿದರು. ಬಿಳಿ ಚರ್ಮವೂ ಪೂರ್ತಿ ರಕ್ಷೆಯಾಗಿರಲಿಲ್ಲ: ಅಮೆರಿಕದ ಉತ್ತರ ಭಾಗದ ಪತ್ರಿಕೆಯೆಂದು ಜನ ದ್ವೇಷಿಸುತ್ತಿದ್ದ 'ಲೈಫ್'ನವರಿಗೂ ಅಂದು ಏಟು ಬಿದ್ದವು. ಪರವೂರಿನವನೆಂದು ತೋರಿದವನ ಕ್ಯಾಮೆರಾ ಆ ಗುಂಪಿಗೆ ಸಾಕ್ಷಿ ಹೇಳಲು ಬಂದ ಶತ್ರು. ಊರಿನವನದು ಊರಿನ ಪತ್ರಿಕೆಯದು.

ಅಂದು ಹೆಚ್ಚು ಪೆಟ್ಟು ತಿಂದವರು ಮೆಂಫಿಸ್‌ನ 'ಟ್ರೈ-ಸ್ಟೇಟ್ ಡಿಫೆಂಡರ್' ಸಂಪಾದಕ ಅಲೆಕ್ಸ್ ವಿಲ್ಸನ್. ಓಡಿ ತಪ್ಪಿಸಿಕೊಳ್ಳಲು ಅವರು ಒಪ್ಪಲಿಲ್ಲ. ಒಬ್ಬ ಒದೆಯುತ್ತಿದ್ದಾನೆ, ಇನ್ನೊಬ್ಬನ ಕೈಯಲ್ಲಿ ಇಟ್ಟಿಗೆಯಿದೆ, ವಿಲ್ಸನ್ ಬಿದ್ದ ಹ್ಯಾಟನ್ನು ಎತ್ತಿಕೊಂಡು ಅದರ ಮಡಿಕೆಯನ್ನು ಸರಿಪಡಿಸಿಕೊಂಡೇ ಮುಂದೆ ನಡೆಯುತ್ತಾರೆ. ಈ ಹಲ್ಲೆಯನ್ನು ಒಂದರ ಹಿಂದೊಂದರಂತೆ ಸೆರೆಹಿಡಿದದ್ದು ಮತ್ತೆ ಕೌಂಟ್ಸ್ ಕೈಯಲ್ಲಿದ್ದ, ಯಾರೂ ಒಡೆಯದೆ ಬಿಟ್ಟ ನಿಕಾನ್.