ವಿಮಾನದ ಇಂಧನ ಟ್ಯಾಂಕಿನೊಳಗೆ ಇಳಿಯುವವರ ಉಸಿರು

ವಿಮಾನದ ರೆಕ್ಕೆಯಲ್ಲೇ ಇಂಧನ ತುಂಬಿರುತ್ತದೆ ಅನ್ನೋದು ಬಹಳ ಜನರಿಗೆ ಗೊತ್ತು. ಆ ರೆಕ್ಕೆಯೊಳಗೆ ಮನುಷ್ಯರು ತೂರಿಕೊಂಡು ಕೆಲಸ ಮಾಡುತ್ತಾರೆ ಅನ್ನೋದು ಅಷ್ಟಾಗಿ ಗೊತ್ತಿಲ್ಲ.

ಹಳೆಯ ಹಲವು ವಿಮಾನಗಳಲ್ಲಿ ಇಂಧನಕ್ಕೆ ರಬ್ಬರ್ ಚೀಲಗಳಿದ್ದವು. ತೂಕ ಕಡಿಮೆಯಾಗಲಿ, ಜಾಸ್ತಿ ಇಂಧನ ಹಿಡಿಸಲಿ ಎಂದು ಆಮೇಲೆ ಚೀಲ ಬಿಟ್ಟು, ರೆಕ್ಕೆಯ ಚೌಕಟ್ಟಿನ ಸಂದುಗಳಿಗೆ ಸೀಲಂಟ್ (ಸೋರದಂತೆ ತಡೆಯುವ ಅಂಟು) ಮೆತ್ತಿ ಅದನ್ನೇ ಟ್ಯಾಂಕ್ ಮಾಡಿದರು. ಸೀಲಂಟ್ ಹಳೆಯದಾದರೆ ಸೋರುತ್ತದೆ. ಸೋರಿದರೆ ಯಾರಾದರೂ ಒಳಗೆ ಹೋಗಲೇಬೇಕು.

ಇದರ ಬೆಲೆ ಎಷ್ಟು ಅಂತ ತಿಳಿಯಲು ಆಸ್ಟ್ರೇಲಿಯಾದ ಆಂಬರ್ಲಿ ವಾಯುನೆಲೆಯ ಕಥೆ ನೋಡಬೇಕು. ಅಲ್ಲಿನ ಎಫ್-111 ಯುದ್ಧವಿಮಾನಗಳ ಟ್ಯಾಂಕುಗಳು ಸೋರುತ್ತಲೇ ಇದ್ದವು. 1977ರಿಂದ 1999ರವರೆಗೆ ಹಲವು ಹಂತಗಳಲ್ಲಿ ಹಳೆ ಸೀಲಂಟ್ ಕಿತ್ತು ಹೊಸದು ಹಾಕುವ ಕೆಲಸ ನಡೆಯಿತು. ಸೀಲಂಟ್ ಕರಗಿಸಲು ಎಸ್‌ಆರ್-51 ಎಂಬ ಘಾಟು ರಾಸಾಯನಿಕ ಬಳಸಿದರು. ಉಳಿದದ್ದನ್ನು ಒಳಗೆ ಮುದುಡಿ ಕೂತು ಕೈಯಿಂದಲೇ ಕೆರೆದು ತೆಗೆಯಬೇಕಿತ್ತು. ಆ ವಾಸನೆ ಸ್ನಾನ ಮಾಡಿದರೂ ಹೋಗುತ್ತಿರಲಿಲ್ಲ. ಊಟದ ಮನೆಯಲ್ಲಿ ಉಳಿದವರು ಇವರಿಂದ ದೂರ ಕೂರುತ್ತಿದ್ದರು. ಮರೆವು, ಖಿನ್ನತೆ, ಚರ್ಮದ ತೊಂದರೆ ಒಂದೊಂದಾಗಿ ಕಾಣಿಸಿಕೊಂಡವು. 2000ದ ಜನವರಿಯಲ್ಲಿ ಕೆಲಸ ನಿಲ್ಲಿಸಿದರು. 400ಕ್ಕೂ ಹೆಚ್ಚು ಜನ ಈ ರಾಸಾಯನಿಕಗಳಿಗೆ ಒಡ್ಡಿಕೊಂಡಿದ್ದರು ಎಂದು 2001ರ ವಿಚಾರಣಾ ಮಂಡಳಿ ಹೇಳಿತು. ತಪ್ಪು ಇಡೀ ವ್ಯವಸ್ಥೆಯದು ಎಂದೂ ಹೇಳಿತು. ಪರಿಹಾರದ ಹಣ ಬರಲು 2005 ಆಯಿತು. ಅಷ್ಟು ವರ್ಷ ಆ ವಾಸನೆ ಎಲ್ಲರ ಮೂಗಿಗೂ ಬಡಿಯುತ್ತಿತ್ತು ಅಲ್ವಾ? ಆದರೂ ಕೆಲಸ ನಿಲ್ಲಲಿಲ್ಲ ಅನ್ನೋದು ನನಗೆ ಇವತ್ತಿಗೂ ಸಂಕಟ ತರುತ್ತದೆ.

ರಾಸಾಯನಿಕ ಬಳಸದಿದ್ದರೂ ಟ್ಯಾಂಕ್ ಅಪಾಯಕಾರಿಯೇ. ಜೆಟ್ ಎ-1 ಇಂಧನ 38 ಡಿಗ್ರಿ ಶಾಖದಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕಲಬುರಗಿಯ ಬೇಸಿಗೆ ಇದಕ್ಕಿಂತ ಬಿಸಿ. ಗಾಳಿಯಲ್ಲಿ ಸುಮಾರು ಶೇ. 0.7ರಷ್ಟು ಆವಿ ಬೆರೆತರೆ ಸಾಕು, ಒಂದು ಕಿಡಿಗೆ ಸ್ಫೋಟವಾಗಬಹುದು. ಆವಿ ಗಾಳಿಗಿಂತ ಭಾರ. ತಳದಲ್ಲಿ, ಒಳಗಿನ ಚೌಕಟ್ಟಿನ ಪಟ್ಟಿಗಳ ಹಿಂದಿನ ಮೂಲೆಗಳಲ್ಲಿ ಕೂತುಬಿಡುತ್ತದೆ. ಹಾಗಾಗಿ ಸುಮ್ನೆ ಮುಚ್ಚಳ ತೆಗೆದಿಟ್ಟರೆ ಸಾಲದು. ಇಂಧನ ಪೂರ್ತಿ ಬಸಿಯಬೇಕು, ನಿಂತದ್ದನ್ನು ಒರೆಸಬೇಕು, ಒಂದು ಕಡೆಯಿಂದ ತಾಜಾ ಗಾಳಿ ಊದಿ ಇನ್ನೊಂದು ಕಡೆಯಿಂದ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಆಚೆಗೆ ಬಿಡಬೇಕು. ಬ್ಲೋವರ್‌ನಿಂದಲೂ ಕಿಡಿ ಹಾರಬಾರದು. ಅದಕ್ಕೇ ಒತ್ತಿದ ಗಾಳಿಯಿಂದ ಓಡುವ ಬ್ಲೋವರ್ ಬಳಸುತ್ತಾರೆ. ಅದಕ್ಕೂ ವಿಮಾನಕ್ಕೂ ಅರ್ಥಿಂಗ್ ಕೊಡುತ್ತಾರೆ.

ಅಮೆರಿಕ 1993ರಲ್ಲಿ ಇಂಥ ಇಕ್ಕಟ್ಟು ಜಾಗಗಳಿಗೆಂದೇ ನಿಯಮ ತಂದಿತು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಅಪಾಯ. ಸ್ಫೋಟಕ್ಕೆ ಬೇಕಾದ ಆವಿಯ ಹತ್ತನೇ ಒಂದು ಭಾಗ ಮೀರಿದರೂ ಅಪಾಯ. ಹೊರಗೆ ಒಬ್ಬರು ಕಾವಲಿಗೆ ಇರಲೇಬೇಕು.

ಆಮೇಲೆ ಬಂದದ್ದು ನೈಟ್ರೋಜನ್. 1996ರ ಜುಲೈ 17ರಂದು ನ್ಯೂಯಾರ್ಕ್ ಬಳಿ ಟಿಡಬ್ಲ್ಯೂಎ 800 ವಿಮಾನದ ಮಧ್ಯದ ಟ್ಯಾಂಕ್ ಸ್ಫೋಟಿಸಿ 230 ಜನ ಸತ್ತರು. ಆ ತನಿಖೆಯ ಫಲವಾಗಿ 2008ರಲ್ಲಿ ಅಮೆರಿಕದ ವಾಯುಯಾನ ಇಲಾಖೆ ಟ್ಯಾಂಕುಗಳ ಆವಿ ಹೊತ್ತಿಕೊಳ್ಳದಂತೆ ಮಾಡಬೇಕೆಂಬ ನಿಯಮ ತಂದಿತು. ಟ್ಯಾಂಕಿಗೆ ನೈಟ್ರೋಜನ್ ತುಂಬಿದ ಗಾಳಿ ಹಾಯಿಸಿ ಒಳಗಿನ ಆಮ್ಲಜನಕ ಕಡಿಮೆ ಮಾಡುವ ವ್ಯವಸ್ಥೆ ಬಂತು. ಪ್ರಯಾಣಿಕರಿಗೆ ಇದು ದೊಡ್ಡ ರಕ್ಷಣೆ. ಮೆಕ್ಯಾನಿಕ್‌ಗಳಿಗೆ ಮಾತ್ರ ಇನ್ನೊಂದು ಅಪಾಯ. ಆಮ್ಲಜನಕ ಕಡಿಮೆಯಾದ ಗಾಳಿಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಆವಿಯನ್ನು ಸೋಸುವ ಮುಖವಾಡ ಆಮ್ಲಜನಕ ಕೊಡುವುದಿಲ್ಲ. ಸಾಮಾನ್ಯ ಗ್ಯಾಸ್ ಮೀಟರ್ ಆವಿ ಅಳೆಯುವುದಕ್ಕೂ ಆಮ್ಲಜನಕ ಬೇಕು. ಅದು ಸಾಕಷ್ಟಿಲ್ಲದಿದ್ದರೆ ಆವಿ ಇದ್ದರೂ ಮೀಟರ್ ಕಡಿಮೆ ತೋರಿಸಬಹುದು. ಆದ್ದರಿಂದ ಮೊದಲು ಆಮ್ಲಜನಕ, ಆಮೇಲೆ ಆವಿ, ಕೊನೆಗೆ ವಿಷಾನಿಲ ಎಂಬ ಕ್ರಮದಲ್ಲಿ ಅಳೆಯುತ್ತಾರೆ. ಒಳಗೆ ಜನ ಇರುವಷ್ಟು ಹೊತ್ತೂ ಬ್ಲೋವರ್ ಓಡುತ್ತಿರಬೇಕು. ಅದು ನಿಂತರೆ, ಕೆಲಸ ಅರ್ಧಕ್ಕೇ ಬಿಟ್ಟು ಎಲ್ಲರೂ ಹೊರಗೆ ಬರಬೇಕು.